ಎಣಿಸಿದಷ್ಟೇ ಸುತ್ತಿದ ಮೋಟಾರು

ಬಡಾವಣೆಗೆ ನೀರೆತ್ತುವ ಮೋಟಾರು ಸುಟ್ಟು ಎರಡು ದಿನವಾಗಿತ್ತು. ನಲ್ಲಿಯ ಮುಂದೆ ಖಾಲಿ ಕೊಡಗಳು ಸಾಲು ಹಿಡಿದಿದ್ದವು. ಅವುಗಳ ಒಡತಿಯರು ಮಾತ್ರ ಸಾಲು ಬಿಟ್ಟು ಜಗಳಕ್ಕೆ ನಿಂತಿದ್ದರು. ನೀರು ಸರಬರಾಜು ಕಚೇರಿಯ ಇಂಜಿನಿಯರ್ ಮೇಡಂ ಆ ಮೋಟಾರನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ಮೇಸ್ತ್ರಿಯ ಅಂಗಡಿಗೆ ಬಂದರು.

ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು ಮೇಸ್ತ್ರಿಯ ಇಪ್ಪತ್ತೆಂಟು ವರ್ಷದ ಕಸುಬು. ವಾರ್ನಿಷ್ ವಾಸನೆಯ ಆ ಇಕ್ಕಟ್ಟಾದ ಅಂಗಡಿಯಲ್ಲಿ, ಶಾಲೆಯಿಂದ ಬಂದ ಮೇಲೆ ಸುತ್ತು ಎಣಿಸುತ್ತಲೇ ಅವರ ಮಗಳು ಬೆಳೆದಿದ್ದಳು.

ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಕಾಲೇಜಿನ ಪತ್ರ ಮೇಡಂ ಕಣ್ಣಿಗೆ ಬಿತ್ತು.

“ಇಂಜಿನಿಯರಿಂಗ್ ಸೀಟು ಸಿಕ್ಕಿದೆಯಾ ನಿಂಗೆ? ಶುಕ್ರವಾರ ಕೊನೇ ದಿನ ಅಂತಿದೆ. ಇನ್ನೂ ಸೇರಿಲ್ವಾ?”

ಮಗಳು ಅಪ್ಪನ ಮುಖ ನೋಡಿದಳು.

“ಕೆಲಸ ಕಲಿಯೋಕೆ ಕಾಲೇಜು ಯಾಕೆ ಮೇಡಂ?” ಎಂದರು ಮೇಸ್ತ್ರಿ. “ನಾಲ್ಕು ವರ್ಷ ಬೆಂಚು ಬಿಸಿ ಮಾಡಿದವನೊಬ್ಬ ಮೊನ್ನೆ ಬಂದಿದ್ದ. ಸ್ಕ್ರೂಡ್ರೈವರ್‌ನ ಪೆನ್ನು ಹಿಡಿದ ಹಾಗೆ ಹಿಡಿದಿದ್ದ!”

“ಅದಕ್ಕೇ ಈ ಕೋರ್ಸು ಬೇರೆ ಥರ ಇರೋದು. ಆರು ತಿಂಗಳು ತರಗತಿ, ಆರು ತಿಂಗಳು ಕಾರ್ಖಾನೆ. ಓದಿದ್ದನ್ನ ಅಲ್ಲಿ ಮಾಡಿ ನೋಡ್ತಾರೆ, ಅಲ್ಲಿ ಎಡವಿದ್ದನ್ನ ತರಗತಿಗೆ ತಂದು ಕೇಳ್ತಾರೆ. ಕಾರ್ಖಾನೆಯಲ್ಲಿದ್ದಷ್ಟು ದಿನ ಭತ್ಯೆನೂ ಉಂಟು. ನಾನು ಹಾಗೇ ಕಲಿತವಳು.”

“ಇವಳ ಕೈ ನಿಮ್ಮ ಕಾರ್ಖಾನೆ ಹುಡುಗರಿಗಿಂತ ಚುರುಕು.”

“ಕೈ ಚುರುಕಿದೆ, ಒಪ್ಪಿದೆ ಮೇಸ್ತ್ರಿ. ಮಾಡೋ ಕೆಲಸ ಯಾಕೆ ಹೀಗೆ ಅಂತಾನೂ ಗೊತ್ತಾಗಬೇಡ್ವಾ?”

“ನೋಡೋಣ ಬಿಡಿ. ಮೊದಲು ನಿಮ್ಮ ಮೋಟಾರು.”

ಮೇಡಂ ಹೊರಟುಹೋದರು. ಮಗಳು ಸುಟ್ಟ ಸುರುಳಿಯನ್ನು ಬಿಚ್ಚಿ ಎಣಿಸತೊಡಗಿದಳು. ಬಿಚ್ಚಿದಾಗ ಎಷ್ಟು ಸುತ್ತು ಬಂತೋ ಅಷ್ಟನ್ನೇ ಮರಳಿ ಹಾಕುವುದು ಆ ಅಂಗಡಿಯ ಕ್ರಮ.

“ಅಪ್ಪ, ನಲವತ್ತನಾಲ್ಕು ಬಂತು. ಇದೇ ಕಂಪನಿ, ಇಷ್ಟೇ ಶಕ್ತಿಯ ಮೋಟಾರಿಗೆ ಹೋದ ತಿಂಗಳು ಐವತ್ತೆರಡು ಹಾಕಿದ್ವಲ್ಲ. ಇದಕ್ಕೆ ಯಾಕೆ ಕಮ್ಮಿ?”

“ಕಂಪನಿಯವರಿಗಿಂತ ನಿಂಗೇ ಜಾಸ್ತಿ ಗೊತ್ತೇನಮ್ಮ? ಎಷ್ಟಿತ್ತೋ ಅಷ್ಟೇ ಹಾಕು.”

ಮಗಳು ನಲವತ್ತನಾಲ್ಕೇ ಸುತ್ತಿದಳು. ಅವಳ ಬಳಿ ಅನುಮಾನವಿತ್ತು. ಅದನ್ನು ಸಾಧಿಸಿ ತೋರಿಸುವ ಲೆಕ್ಕವಿರಲಿಲ್ಲ.

ಮಂಗಳವಾರ ನೀರು ಬಂತು. “ಏನ್ರೀ, ಆ ಪತ್ರದ ಕಥೆ ಏನಾಯ್ತು?” ಎಂದು ಹೆಂಡತಿ ದಿನಕ್ಕೆರಡು ಬಾರಿ ಕೇಳಿದರು. “ನೋಡೋಣ ಅಂದೆನಲ್ಲ” ಎಂದು ಮೇಸ್ತ್ರಿ ಎರಡು ಬಾರಿಯೂ ಉತ್ತರಿಸಿದರು. ಹೀಗೆ ನೋಡುತ್ತ ನೋಡುತ್ತ ಶುಕ್ರವಾರ ಕಳೆಯಿತು. ಶನಿವಾರ ಮೋಟಾರು ಮತ್ತೆ ಸುಟ್ಟುಹೋಯಿತು.

ಮೇಡಂ ಈ ಸಲ ತಾವೇ ಕೂತು ಸುರುಳಿಯನ್ನು ಪರೀಕ್ಷಿಸಿದರು. ಮೋಟಾರಿನ ತಗಡಿನ ಮೇಲಿದ್ದ ವಿವರ ಓದಿ, ಒಳಗಿನ ಕಬ್ಬಿಣದ ಉದ್ದಗಲ ಅಳೆದು, ಹಾಳೆಯೊಂದರಲ್ಲಿ ಲೆಕ್ಕ ಬಿಡಿಸಿದರು.

“ನಿಮ್ಮ ಸುತ್ತಿನಲ್ಲಿ ಒಂದೆಳೆ ಆಚೀಚೆ ಆಗಿಲ್ಲ ಮೇಸ್ತ್ರಿ. ಆದ್ರೆ ನಿಮಗಿಂತ ಮುಂಚೆ ಯಾರೋ ತಪ್ಪು ಸುತ್ತಿದ್ರು. ಆ ತಪ್ಪನ್ನ ನೀವು ಅಚ್ಚುಕಟ್ಟಾಗಿ ನಕಲು ಮಾಡಿದೀರಿ. ಇದಕ್ಕೆ ಐವತ್ತೆರಡು ಸುತ್ತು ಬೇಕು. ಸುತ್ತು ಕಮ್ಮಿಯಾದ್ರೆ ಕರೆಂಟು ಜಾಸ್ತಿ ಹರಿದು ತಂತಿ ಸುಡುತ್ತೆ.”

ಮೇಸ್ತ್ರಿ ಆ ಹಾಳೆಯನ್ನು ಮಗಳ ಕೈಗೆ ಕೊಟ್ಟರು. “ಇವಳೂ ಐವತ್ತೆರಡೇ ಅಂದಿದ್ಲು,” ಎಂದರು ಮೆಲ್ಲಗೆ. “ನಾನೇ ಬಾಯಿ ಮುಚ್ಚಿಸಿದೆ.”

ಐವತ್ತೆರಡು ಸುತ್ತು ಹಾಕಿ ಮೋಟಾರನ್ನು ಕಳಿಸಿಕೊಟ್ಟು, ಸೋಮವಾರ ಬೆಳಿಗ್ಗೆ ಅಪ್ಪ ಮಗಳು ಕಾಲೇಜಿನ ಕಚೇರಿಯ ಕಿಟಕಿಯ ಮುಂದೆ ನಿಂತಿದ್ದರು.

“ಶುಕ್ರವಾರ ಸಂಜೆಗೇ ಮುಗೀತು ಯಜಮಾನ್ರೇ. ಆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ ಹೋಯ್ತು,” ಎಂದ ಗುಮಾಸ್ತ.

“ತಪ್ಪು ನಂದು ಸ್ವಾಮಿ, ಅವಳದ್ದಲ್ಲ. ಹಿಂದೆ ಒಂದು ಕುರ್ಚಿ ಹಾಕಿಸಿ ಸಾಕು, ಮೂಲೆಯಲ್ಲಿ ಕೂತು ಕಲೀತಾಳೆ.”

ಗುಮಾಸ್ತ ಕನಿಕರದಿಂದಲೇ ತಲೆಯಾಡಿಸಿ, ಮುಂದಿನ ವರ್ಷದ ಅರ್ಜಿಯ ವಿವರವಿದ್ದ ಚೀಟಿಯನ್ನು ಕೊಟ್ಟ.

“ಒಂದು ವರ್ಷ ತಾನೇ ಅಪ್ಪ,” ಎಂದಳು ಮಗಳು ಮೆಟ್ಟಿಲಿಳಿಯುತ್ತ. ಅವಳು ಬೈದಿದ್ದರೆ ಮೇಸ್ತ್ರಿಯ ಎದೆ ಹಗುರಾಗುತ್ತಿತ್ತು.

“ಕಾಲೇಜು ದಂಡ ಅಂತ ನಿನ್ನ ತಡೀಲಿಲ್ಲ ಕಣಮ್ಮ. ಸಣ್ಣ ತಂತಿ ಈಚೆಗೆ ನಂಗೆ ಕಾಣ್ತಿಲ್ಲ. ನೀನು ಹೋದ್ರೆ ಎಣಿಸೋರು ಯಾರು ಅಂತ ಹೆದರಿದ್ದೆ.”

“ಅಯ್ಯೋ, ಮೊದಲೇ ಹೇಳಿದ್ರೆ ಕನ್ನಡಕ ಮಾಡಿಸ್ತಿದ್ವಲ್ಲಪ್ಪ!” ಮಗಳು ನಕ್ಕಳು. ನಗುತ್ತಿದ್ದಂತೆಯೇ ಅವಳ ಕಣ್ಣು ತುಂಬಿತು.

ಅಂದೇ ಅವರು ದಾರಿಯಲ್ಲಿ ಕನ್ನಡಕದ ಅಂಗಡಿಗೆ ಹೋದರು. ಮನೆಗೆ ಬಂದು, ಅರ್ಜಿ ಹಾಕಬೇಕಾದ ದಿನಾಂಕವನ್ನು ಮೇಸ್ತ್ರಿ ಸ್ವತಃ ಬಾಗಿಲ ಮೇಲೆ ದೊಡ್ಡದಾಗಿ ಬರೆದರು. “ಈ ಸಲ ನಾನೂ ಜೊತೆಗೆ ಬರ್ತೀನಿ, ನಿಮ್ಮನ್ನ ನಂಬೋ ಹಾಗಿಲ್ಲ,” ಎಂದರು ಹೆಂಡತಿ. ಮೇಸ್ತ್ರಿ ಎದುರಾಡಲಿಲ್ಲ. ಮಗಳ ಓರಗೆಯವರು ಆಗಲೇ ತರಗತಿಗೆ ಹೋಗತೊಡಗಿದ್ದರು.

ತಂದೆತಾಯಂದಿರೇ, ನಿಮ್ಮ ಮನೆಗೂ ಇಂಥ ಪತ್ರ ಬಂದಿದ್ದರೆ ಅದರ ಕೊನೆಯ ದಿನಾಂಕವನ್ನು ಇವತ್ತೇ ಓದಿ. ಉನ್ನತ ಶಿಕ್ಷಣದ ಜೊತೆಗೆ ಕೆಲಸದ ಸ್ಥಳದಲ್ಲೇ ಕಲಿಸುವ ಕೋರ್ಸುಗಳು ಯಾವುವೆಂದು ಹತ್ತಿರದ ಕಾಲೇಜಿನಲ್ಲಿ ವಿಚಾರಿಸಿ. ಕೇಳಲು ಸಂಕೋಚ ಬೇಡ. ಮಗುವನ್ನು ಕಳುಹಿಸಲು ಅಳುಕಿದ್ದರೆ ಆ ಅಳುಕನ್ನು ಮಗುವಿನ ಮುಂದೆಯೇ ಬಾಯಿಬಿಟ್ಟು ಹೇಳಿ, ಇಬ್ಬರೂ ಕೂತು ದಾರಿ ಹುಡುಕಿ. ತಡವಾಗಿ ಸೇರಿದರೂ ಮಕ್ಕಳು ಕಲಿತಾರು. ಆದರೆ ನಾವು ತಡಮಾಡಿದ ವರ್ಷ ಕಳೆಯುವುದು ಅವರ ಆಯಸ್ಸಿನಿಂದಲೇ.