ಬೆಡ್‌ಶೀಟಿನ ಎರಡು ತುದಿ

ಮತ್ತೆ ನಕ್ಕಳು ಸೊಸೆ, ಇಸ್ತ್ರಿ ಮೇಜಿನ ಆ ಕಡೆ, ಹಬೆಯ ಹಿಂದೆ, ಆ ಮಾತಾಡಿಸುವವಳ ಜೊತೆ — ಊರು ಬಿಟ್ಟು ಓಡಿಬಂದ ದಿನದಿಂದ ಗಂಡನ ಪತ್ತೆಯಿಲ್ಲ, ಅದೆಲ್ಲಿಂದ ಬರುತ್ತದೋ ಇವಳಿಗೆ ನಗು, ಅತ್ತೆಯ ಕಿವಿಯೆಲ್ಲ ಅಲ್ಲೇ, ಕೈಯಲ್ಲಿ ಆಸ್ಪತ್ರೆಯ ಬೆಡ್‌ಶೀಟು, ಮೂಗಿಗೆ ಬ್ಲೀಚಿನ ಘಾಟು. ನೆಲೆ ಕಳಕೊಂಡವರಿಗೆ ಕೆಲಸ ಕೊಡುತ್ತೇವೆ ಎಂದರು ಸಂಸ್ಥೆಯವರು, ಸರಿ, ಲಾಂಡ್ರಿ ಹಾಕಿಕೊಟ್ಟರು, ಅದೂ ಸರಿ, ಒಗೆಯುವ ಮೆಷಿನುಗಳ ಜೊತೆಗೆ ಈ ಮಾತಾಡಿಸುವವಳನ್ನೂ ಯಾಕೆ ತಂದಿಟ್ಟರು, ಮಡಿಸುವ ನೆಪದಲ್ಲಿ ಎದುರು ನಿಂತು, ನಿದ್ದೆ ಬರುತ್ತಾ ಅಮ್ಮಾ, ಯಾರಾದ್ರೂ ತುಂಬ ನೆನಪಾಗ್ತಾರಾ ಅಮ್ಮಾ — ಬಾಯಿ ಬಿಡಿಸುವ ಹುನ್ನಾರ, ಬಟ್ಟೆ ಬೆಳ್ಳಗಾದರೆ ಸಾಲದೇ, ನಿದ್ದೆಯ ಉಸಾಬರಿ ಇವರಿಗೇಕೆ, ಚೆನ್ನಾಗಿ ಬರುತ್ತೆ ಎಂದು ಬಾಯಿಗೆ ಬೀಗ ಹಾಕಿದ್ದಳು ಅತ್ತೆ. ಸೊಸೆಯೋ, ಮೊದಲು ಅತ್ತಳು, ಆಮೇಲೆ ಊಟ ಸೇರಿತು, ಈಗ ನಗು, ಏನು ಮಂಕುಬೂದಿ ಎರಚಿದಳೋ ಆ ಮಾಟಗಾತಿ, ಗಂಡ ಇಲ್ಲ ಅಂತ ಒಪ್ಪಿಸಿ ಇನ್ನೊಂದು ಮದುವೆಗೆ ಹದ ಮಾಡುತ್ತಿದ್ದಾಳೋ, ಇರಬಹುದು, ಇವಳ ಪ್ರಾಯಕ್ಕೆ ಇನ್ನೊಬ್ಬ ಸಿಕ್ಕಾನು, ತನಗೆ ಮಗ ಸಿಕ್ಕಾನೇ.

ಮಾತಾಡಿಸುವವಳು ಆಚೆ ಹೋದಳು, ಸೊಸೆ ಬಂದು ಬೆಡ್‌ಶೀಟಿನ ಆ ತುದಿ ಹಿಡಿದಳು, ಕೊಡವು, ಎಳೆ, ಹತ್ತಿರ ಬಾ, ಮೂಲೆಗೆ ಮೂಲೆ — ಏನು ಹೇಳ್ದೆ ಅವಳಿಗೆ, ಏನಿಲ್ಲ ಅತ್ತೆ, ನನ್ನ ಮಗನ ವಿಷ್ಯ ತಾನೇ, ಹೂಂ — ಮತ್ತೆ ದೂರ, ಮತ್ತೆ ಹತ್ತಿರ, ಸೊಸೆಯ ಕಣ್ಣು ಬಟ್ಟೆಯ ಮೇಲೇ — ಅವತ್ತು ಸೇತುವೆ ಹತ್ರ ಲಾರೀಲಿ ಕಂಡಿದ್ದನ್ನ ಹೇಳ್ದೆ, ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ ಅತ್ತೆ, ದಿನಾ ಬರ್ತಾನೆ ಬರ್ತಾನೆ ಅಂತಿದ್ರಲ್ಲ, ಅದಕ್ಕೆ. ಯಾವ ಲಾರಿ ಎಂದು ಕೇಳಬೇಕಿತ್ತು ಅತ್ತೆ, ಕೇಳಲಿಲ್ಲ, ಟಾರ್ಪಾಲು, ಟಾರ್ಪಾಲಿನಡಿಯಿಂದ ಜೋತುಬಿದ್ದ ನೀಲಿ ಅಂಗಿಯ ತೋಳು — ಆ ಕಡೆ ನೋಡ್ಬೇಡ, ನಡಿ ನಡಿ, ಎಂದು ತಾನು ಇವಳ ಮುಖವನ್ನು ಎದೆಗೆ ಒತ್ತಿಕೊಂಡೇ ದಾಟಿಸಿರಲಿಲ್ಲವೇ, ಆದರೂ ನೋಡಿದ್ದಳೇ, ನೋಡಿಯೂ ತನಗಾಗಿ ಸುಮ್ಮನಿದ್ದಳೇ, ಬರ್ತಾನೆ ಎಂದು ತಾನು ಹೇಳುತ್ತಾ ಬಂದದ್ದು ಇವಳಿಗಾಗಿ ಅಲ್ಲವೇ, ಹೇಳಿ ಹೇಳಿ ತಾನೂ ನಂಬಿದ್ದಲ್ಲವೇ, ನೀಲಿ ಅಂಗಿ ಊರಿಗೆಲ್ಲ ಒಂದೇ ಇತ್ತೇ, ಬೇರೆ ಯಾರದೋ ತೋಳು, ಇನ್ಯಾವ ತಾಯಿಯ ಮಗನದೋ — ಸೊಸೆಯ ಬೆರಳು ತನ್ನ ಬೆರಳ ಮೇಲೆ, ಮಡಿಸಬೇಕು, ಕೈ ಏಳದು, ನೀಲಿ ತೋಳು, ತೋಳಿನ ತುದಿಗೆ ಗುಂಡಿ, ಬೇರೆ ದಾರ ಸಿಗದೆ ತಾನೇ ಕೆಂಪು ದಾರದಲ್ಲಿ ಹೊಲಿದ ಗುಂಡಿ, ಕೆಂಪು ದಾರ