ಐಸ್ ಗೋದಾಮು ಇದ್ದ ಜಾಗ

ಮುದುಕರು ಆಟದ ರೈಲಿಗಾಗಿ ಜಗಳವಾಡುವುದನ್ನು ನೋಡಬೇಕೆನ್ನುವವರು ಕೋಲ್ಬಿ ಗ್ಯಾಪಿನ ಮಾದರಿ ರೈಲು ಸಂಘಕ್ಕೆ ಯಾವುದಾದರೂ ಮಂಗಳವಾರ ಹೋಗಬೇಕು. ಸ್ಲೋವಾಕ್ ವಲಸಿಗರ ಚರ್ಚಿನ ಮುಚ್ಚಿಹೋದ ಶಾಲೆಯ ನೆಲಮಾಳಿಗೆ ಅವರ ಠಾವು. ಮೊಣಕಾಲು ಸವೆದ, ಕಿವಿ ಮಂದವಾದ ಹನ್ನೊಂದು ಗಂಡಸರೂ ಒಬ್ಬ ಹೆಂಗಸೂ ಸೇರಿ 1956ರ ಅಕ್ಟೋಬರ್ ತಿಂಗಳಲ್ಲಿ ಊರು ಹೇಗಿತ್ತೋ ಹಾಗೇ, ಎಂಬತ್ತೇಳರಲ್ಲಿ ಒಂದು ಪಾಲಿಗೆ ಇಳಿಸಿ, ಮೇಜಿನ ಮೇಲೆ ಕಟ್ಟುತ್ತಿದ್ದರು. ಗಣಿ ಮುಚ್ಚಿ, ಶರ್ಟಿನ ಕಾರ್ಖಾನೆ ಮುಚ್ಚಿ, ರೈಲೂ ನಿಂತುಹೋದ ಊರದು. ಹೊರಗೆ ಚರಂಡಿ ಕಟ್ಟಿಕೊಂಡು ವರ್ಷವಾದರೂ ಕೇಳುವವರಿಲ್ಲ. ಒಳಗೆ ಅಂಚೆ ಕಚೇರಿಯ ಬಾಗಿಲು ಹಸಿರೋ ನೀಲಿಯೋ ಎಂಬುದಕ್ಕೆ ಮೂರು ವಾರ ಮಾತು ಬಿಟ್ಟವರಿದ್ದರು.

ಆ ಒಬ್ಬ ಹೆಂಗಸು ಬರ್ನಡೀನ್ ಹುಡಾಕ್. ಎಪ್ಪತ್ತೈದು ವರ್ಷ, ಮದುವೆಯಿಲ್ಲ. ನಲವತ್ತು ವರ್ಷ ಊರಿನವರ ಕಟ್ಟುಹಲ್ಲು ಮಾಡಿದ ಕೈ. ಕಟ್ಟಡಗಳ ಹೊಣೆ ಪೂರ್ತಿ ಅವಳದೇ. ಹಳೆಯ ಫೋಟೋದಲ್ಲಿ ಇಟ್ಟಿಗೆಯ ಸಾಲು ಎಣಿಸಿ ಗೋಡೆಯ ಎತ್ತರ ಹೇಳುತ್ತಿದ್ದಳು. ಹಲ್ಲು ಕೊರೆಯುವ ಯಂತ್ರದಲ್ಲೇ ಕಿಟಕಿ ಕೊರೆಯುತ್ತಿದ್ದಳು. ಅವಳು ಇಟ್ಟ ಕಟ್ಟಡವನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ, ಬರ್ನಡೀನ್ ಕೂದಲೆಳೆಯಷ್ಟೂ ಸುಳ್ಳಾಡುವವಳಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಆ ವರ್ಷ ಮೇಜಿನ ಮೇಲಿನ ಊರು ಶರ್ಟ್ ಕಾರ್ಖಾನೆಯ ಬಳಿಯ ರೈಲ್ವೆ ಗೇಟಿನ ತನಕ ಬಂತು. ಇದಕ್ಕಾಗಿಯೇ ಅವಳು ಹನ್ನೊಂದು ವರ್ಷ ಕಾದಿದ್ದಳು. ಸಂಘ ಸೇರಿದ್ದೂ ಇದಕ್ಕೇ.

"ಗೇಟಿನ ಪಕ್ಕ ಈ ಬಿಯರ್ ಕಾರ್ಖಾನೆ ಇಟ್ಬಿಡೋಣ," ಎಂದ ಸಂಘದ ಅಧ್ಯಕ್ಷ ವೆಂಡೆಲ್ ಯೋಸ್ಟ್, ಜೋಡಿಸುವ ಮಾದರಿ ಕಿಟ್ಟುಗಳ ಕ್ಯಾಟಲಾಗಿನ ಹಾಳೆ ತಿರುವುತ್ತ. "ನೋಡೋಕ್ಕೂ ಲಕ್ಷಣವಾಗಿದೆ. ಐಸ್ ಗೋದಾಮು ಯಾರಿಗಮ್ಮ ನೆನಪಿದೆ?"

"ನಂಗಿದೆ."

"ನಿಂಗ್ ಬಿಡು, ಅಜ್ಜಿ ಹೊಟ್ಟೇಲಿದ್ದಿದ್ದೂ ನೆನಪಿರುತ್ತೆ."

"ಅದೇ ಬಿಯರ್ ಕಿಟ್ಟು ಎರಡು ತರಿಸು ವೆಂಡೆಲ್. ಕೊಯ್ದು ನಾನು ಐಸ್ ಗೋದಾಮು ಮಾಡ್ಕೋತೀನಿ. ಗೇಟಿನ ಹತ್ರ ಬೇರೆ ಏನಾದ್ರೂ ಇಟ್ಟೆ ಅಂದ್ರೆ ನಾಳೆಯಿಂದ ನಿಮ್ಮ ಊರನ್ನ ನೀವೇ ಕಟ್ಕೊಳ್ಳಿ."

ಕೋಣೆಯ ಆ ತುದಿಯಲ್ಲಿ ಎಂಜಿನ್ನಿಗೆ ಎಣ್ಣೆ ಬಿಡುತ್ತಿದ್ದ ಆಲ್ಡೊ ಪಿಯರ್ಸಾಂಟಿ ತಲೆ ಎತ್ತಿದ. ಅವನಿಗೆ ಎಪ್ಪತ್ತೆಂಟು. ಒಂದೇ ಸಂಘದಲ್ಲಿದ್ದೂ ಹನ್ನೊಂದು ವರ್ಷದಲ್ಲಿ ಬರ್ನಡೀನಳನ್ನು ಒಮ್ಮೆಯೂ ಹೆಸರು ಹಿಡಿದು ಕರೆದವನಲ್ಲ.

"ಕಟ್ಟಲಿ ಬಿಡು ವೆಂಡೆಲ್," ಎಂದ. "ಗೇಟಿನವನ ಮಗಳು ಯಾಕೆ ಕಟ್ತಾಳೆ ಅಂತ ನಂಗೊತ್ತು."

ಯಾಕೆಂದು ಊರಿಗೇ ಗೊತ್ತಿತ್ತು. 1956ರ ನವೆಂಬರಿನ ಒಂದು ಮಧ್ಯಾಹ್ನ, ಮೂರೂವರೆಯ ಪಾಳಿ ಬಿಟ್ಟಾಗ, ಶರ್ಟ್ ಕಾರ್ಖಾನೆಯ ನಾಲ್ವರು ಹುಡುಗಿಯರಿದ್ದ ಕಾರು ಹಳಿ ದಾಟುವಾಗ ಕಲ್ಲಿದ್ದಲ ರೈಲು ಬಂದು ಗುದ್ದಿತು. ಗೇಟು ಮೇಲೆತ್ತಿದ್ದಂತೆಯೇ ಇತ್ತು. ನಾಲ್ವರೂ ಸತ್ತರು. ಕಾರು ಓಡಿಸುತ್ತಿದ್ದವಳು ಆಲ್ಡೊನ ಅಕ್ಕ ಲೊರೆಟ್ಟಾ, ಹತ್ತೊಂಬತ್ತರ ಹುಡುಗಿ. ಗೇಟು ಕಾಯುತ್ತಿದ್ದವನು ಬರ್ನಡೀನಳ ಅಪ್ಪ ಒಂಡ್ರೇಯ್ ಹುಡಾಕ್.

ಹಳಿಯ ತಿರುವಿನ ಒಳಮಗ್ಗುಲಿಗೆ ಐಸ್ ಗೋದಾಮು ಅಡ್ಡವಾಗಿತ್ತು, ರೈಲು ಮೈಮೇಲೆ ಬರುವ ತನಕ ಕಾಣಲೇ ಇಲ್ಲ ಎಂದು ಅವನು ಹೇಳಿದ. ವಿಚಾರಣೆಗೆ ಕೂತವರು ಅವನು ನಿದ್ದೆ ಮಾಡುತ್ತಿದ್ದ ಎಂದು ಬರೆದುಕೊಂಡು ಹೋದರು. ಮುಂದಿನ ವಸಂತಕ್ಕೆ ಗೋದಾಮನ್ನೇ ಕೆಡವಿದರು. ಇನ್ನು ಸಾಬೀತು ಮಾಡುವುದು ಯಾವುದನ್ನು ತೋರಿಸಿ? ಒಂಡ್ರೇಯ್ ಕಸಾಯಿಖಾನೆಯ ನೆಲ ತೊಳೆಯುತ್ತ ಹದಿನೈದು ವರ್ಷ ಬದುಕಿದ. ಚರ್ಚಿನಲ್ಲಿ ಅವನು ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಊಟಕ್ಕೆ ಕೂತಾಗಲೆಲ್ಲ "ಅಡ್ಡ ಇತ್ತು ಕಣೆ, ಹಳಿಗೆ ಅಂಟ್ಕೊಂಡೇ ಇತ್ತು, ಹದಿನೈದೇ ಅಡಿ" ಎನ್ನುತ್ತಿದ್ದ. ಬರ್ನಡೀನ್ ನಂಬಿದಳು. ಆ ನಂಬಿಕೆಗಾಗಿ ಶಾಲೆಯಲ್ಲಿ ಹುಡುಗಿಯರ ಜಡೆ ಹಿಡಿದು ಎಳೆದಾಡಿದಳು. ಭಾವೀ ಅತ್ತೆ "ಕೊಲೆಗಾರನ ಮಗಳು" ಎಂದ ದಿನ ಉಂಗುರ ತೆಗೆದು ಅವಳ ಮೇಜಿನ ಮೇಲೆ ಕುಕ್ಕಿ ಬಂದಳು.

"ಎಲ್ಲಿತ್ತು ಅಂತ ನಿನ್ ಬಾಯಿ ಮಾತಿಗೆ ನಾನು ತಲೆ ಆಡ್ಸಲ್ಲ," ಎಂದ ಆಲ್ಡೊ, ಈಗ ನೇರವಾಗಿ ಅವಳಿಗೇ. "ಹಳೇ ವಿಮೆ ನಕ್ಷೆ ತರ್ಸು. ಅದ್ರಲ್ಲಿ ಇದ್ದ ಹಾಗೇ ಇಡು. ನಿಮ್ಮಪ್ಪನ ಗೇಟ್ ಮನೆ ಕಿಟಕಿಯಿಂದ ನಾನೇ ನೋಡ್ತೀನಿ. ರೈಲು ಕಾಣಲಿಲ್ಲ ಅಂದ್ರೆ, ಇಡೀ ಊರಿನ ಮುಂದೆ ನಿನ್ನ ಕ್ಷಮೆ ಕೇಳ್ತೀನಿ. ಕಂಡ್ರೆ, ಇನ್ಮೇಲೆ ಬಾಯಿ ಮುಚ್ಕೊಂಡಿರ್ಬೇಕು."

"ಆಗ್ಲಿ," ಎಂದಳು ಬರ್ನಡೀನ್. ಒಳಗೆ ಅವಳಿಗೆ ಹಬ್ಬ.

ಬೇಸಿಗೆಯೆಲ್ಲ ಗೋದಾಮಿನ ಕೆಲಸ. ಎರಡು ಬಿಯರ್ ಕಾರ್ಖಾನೆಗಳನ್ನು ಕೊಯ್ದು ಒಂದು ಮಾಡಿದಳು. ಚಿಮಣಿ ಕಿತ್ತು ಹಾಕಿದಳು, ಅಂದಚೆಂದದ ಕಮಾನು ಕಿಟಕಿಗಳನ್ನು ಮುಚ್ಚಿದಳು; ಐಸಿಗೆ ಬೆಳಕೇಕೆ? ಹಲ್ಲಿನ ಪ್ಲಾಸ್ಟರನ್ನು ತೆಳ್ಳಗೆ ಕಲಸಿ ಇಟ್ಟಿಗೆಯ ಸಂದಿಗೆಲ್ಲ ಸವರಿ ಒರೆಸಿದಳು. ಬಣ್ಣದ ಸೀಮೆಸುಣ್ಣ ಅರೆದು ಹೊಗೆಯ ಮಸಿ ಹಿಡಿಸಿದಳು, ಐಸ್ ಕರಗದಂತೆ ಮುಚ್ಚುತ್ತಿದ್ದ ಮರದ ಹೊಟ್ಟನ್ನು ಬಾಗಿಲ ಬುಡಕ್ಕೆ ಚಿಟಿಕೆ ಉದುರಿಸಿದಳು. ಅಪ್ಪನ ಗೇಟ್ ಮನೆಯೋ, ಬೆಂಕಿಪೊಟ್ಟಣದಷ್ಟು ದೊಡ್ಡದು. ಅದರ ಕಿಟಕಿಯ ಹಿಂದೆ ಸ್ಟೂಲಿಟ್ಟಳು, ಮನುಷ್ಯನನ್ನು ಇಡಲಿಲ್ಲ. ವೆಂಡೆಲ್ ಬಂದು ನೋಡಿ, "ಒಳಗೆ ಹೋದ್ರೆ ಚಳಿ ಆಗುತ್ತೇನೋ ಅನ್ಸುತ್ತಲ್ಲೇ!" ಎಂದ. ಬದುಕಿನಲ್ಲಿ ಅವಳಿಗೆ ಸಿಕ್ಕ ಒಳ್ಳೆಯ ಮಾತುಗಳು ಬೆರಳೆಣಿಕೆಯಷ್ಟು; ಇದೂ ಒಂದು.

ನಕ್ಷೆ ನವೆಂಬರಿನಲ್ಲಿ ಬಂತು, ರಾಜ್ಯದ ಗ್ರಂಥಾಲಯದಿಂದ. ಬೆಂಕಿ ವಿಮೆಯವರು ಆ ಕಾಲದಲ್ಲಿ ಪ್ರತಿ ಊರಿನ ಪ್ರತಿ ಕಟ್ಟಡವನ್ನೂ ಅಳೆದು, ಇಟ್ಟಿಗೆಯದೋ ಮರದ್ದೋ, ಎಷ್ಟು ಎತ್ತರ, ಎಂದು ಬರೆದಿಡುತ್ತಿದ್ದ ನಕ್ಷೆ. ಇಂಥ ಮಾದರಿ ಕಟ್ಟುವವರಿಗೆ ಅದು ದೇವರ ವಾಕ್ಯ.

ಊರವರೆಲ್ಲ ಬಂದು ನೋಡುವ ಸಂಘದ ವಾರ್ಷಿಕ ಪ್ರದರ್ಶನಕ್ಕೆ ಎರಡು ದಿನ ಇರುವಾಗ, ಊರೆಲ್ಲ ಟರ್ಕಿ ಕೋಳಿ ತಿಂದು ತೂಕಡಿಸುತ್ತಿದ್ದ ಹಬ್ಬದ ಮಧ್ಯಾಹ್ನ, ಅವಳೊಬ್ಬಳೇ ನೆಲಮಾಳಿಗೆಗೆ ಬಂದು ಅಳತೆಕೋಲು ಹಿಡಿದಳು. ಹಳಿಯಿಂದ ಗೋದಾಮಿನ ಗೋಡೆಗೆ ಹದಿನೈದು ಅಡಿಯಲ್ಲ, ನಲವತ್ತು ಎಂದು ನಕ್ಷೆ ಹೇಳುತ್ತಿತ್ತು. ಮೇಜಿನ ಮೇಲೆ ಅದು ನಾಲ್ಕು ಬೆರಳಿನ ವ್ಯತ್ಯಾಸ. ಇರಲಿ ಎಂದುಕೊಂಡಳು, ನಾಲ್ಕು ಬೆರಳಿಗೆ ಏನಾಗುತ್ತೆ? ಗುರುತು ಹಾಕಿ ಗೋದಾಮನ್ನು ಅಲ್ಲಿಟ್ಟಳು. ಎಂಜಿನ್ನನ್ನು ತಿರುವಿನಾಚೆ ನಿಲ್ಲಿಸಿ, ಹಲ್ಲಿನ ಡಾಕ್ಟರರ ಕಡ್ಡಿಗನ್ನಡಿಯನ್ನು ಗೇಟ್ ಮನೆಯ ಹಿಂದಿನಿಂದ ತೂರಿಸಿ, ಸ್ಟೂಲಿನ ಮೇಲೆ ಕೂತವನ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು.

ಎಂಜಿನ್ನು ಕಂಡಿತು.

ಇನ್ನೂ ಹಿಂದಕ್ಕೆ ತಳ್ಳಿದಳು. ಕಂಡಿತು. ನಿಜದ ಲೆಕ್ಕದಲ್ಲಿ ಒಂಬೈನೂರು ಅಡಿ ಆಚೆಗೆ ಹೋದ ಮೇಲಷ್ಟೇ ಗೋದಾಮಿನ ಹಿಂದೆ ಮರೆಯಾಯಿತು. ಆ ಕಾಲದ ಕಲ್ಲಿದ್ದಲ ರೈಲಿಗೆ ಅದು ಹದಿನೈದು ಸೆಕೆಂಡಿನ ದಾರಿ. ಗೇಟು ಇಳಿಸಲು ಹತ್ತು ಸಾಕು, ಅಪ್ಪನೇ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದ. ಅವಳು ಸ್ಟೂಲು ಸರಿಸಿದಳು, ಕನ್ನಡಿ ಮೇಲೆ ಹಿಡಿದಳು, ಕೆಳಗೆ ಹಿಡಿದಳು, ಕಿಟಕಿಯ ಅಳತೆ ಮತ್ತೆ ನೋಡಿದಳು. ನಿಂತವನಿಗೆ ಕಾಣುತ್ತಿತ್ತು, ಕೂತವನಿಗೆ ಕಾಣುತ್ತಿತ್ತು. ತಲೆಯನ್ನು ಗೋಡೆಗೆ ಒರಗಿಸಿ ಕಣ್ಣು ಮುಚ್ಚಿಕೊಂಡವನಿಗೆ ಮಾತ್ರ ಕಾಣುತ್ತಿರಲಿಲ್ಲ.

"ಸುಳ್ಳಾ?" ಎಂದಳು, ಖಾಲಿ ಕೋಣೆಗೆ ಕೇಳುವಂತೆ. "ನಂಗೂ ಸುಳ್ಳಾ ಅಪ್ಪಾ?"

ಅಳು ಬರಲಿಲ್ಲ, ಸಿಟ್ಟು ಬಂತು. ಸತ್ತವನ ಮೇಲೆ ಸಿಟ್ಟು, ಬಿಟ್ಟುಬಂದ ಉಂಗುರದ ಮೇಲೆ, ಹೊಡೆದಾಡಿದ ಆ ಪುಟ್ಟ ಹುಡುಗಿಯ ಮೇಲೆ. ಊರು ಹೇಳಿದ್ದೇ ಸರಿ, ತಾನೊಬ್ಬಳೇ ಪೆದ್ದಿ! ಅರವತ್ತಾರು ವರ್ಷ! ಆಲ್ಡೊ ಮಂಡಿಯೂರಿ ನೋಡಿ, ಎದ್ದು, ಅವಳತ್ತ ತಿರುಗುವ ಆ ಮುಖ ಅವಳ ಕಣ್ಣಿಗೆ ಕಟ್ಟಿತು. ಅದನ್ನು ಮಾತ್ರ ತಾಳಲಾರೆ ಎನಿಸಿತು.

ಗೋದಾಮನ್ನು ಎತ್ತಿ, ನಾಲ್ಕು ಬೆರಳು ಹಳಿಯ ಕಡೆಗೆ ಸರಿಸಿ, ತಳಕ್ಕೆ ಅಂಟು ಹಚ್ಚಿ ಒತ್ತಿ ಹಿಡಿದಳು. ಹಳೆಯ ಗುರುತಿನ ಮೇಲೆ ಒಣಹುಲ್ಲಿನ ಪುಡಿ ಉದುರಿಸಿದಳು. ನಕ್ಷೆಯನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡು, ಅಂಟು ಒಣಗುವ ತನಕ ಅಲ್ಲೇ ಕೂತಿದ್ದಳು.

ಶನಿವಾರ ನೆಲಮಾಳಿಗೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೆಟ್ಟಿಲ ಬಳಿ ಹೆಂಗಸರು ಆಲೂಗಡ್ಡೆಯ ಬ್ಲೀನಿ ದೋಸೆ ಕರಿದು ಕೊಡುತ್ತಿದ್ದರು, ಎಣ್ಣೆಯ ವಾಸನೆ ಎಲ್ಲರ ಕೋಟಿಗೂ ಹತ್ತಿತ್ತು. ಆಲ್ಡೊ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

"ನಕ್ಷೆ ಬಂತಾ?"

"ಬಂತು."

"ಅದ್ರಲ್ಲಿ ಇದ್ದ ಹಾಗೇ ಇಟ್ಟಿದೀಯಾ?"

"ಇದ್ದ ಹಾಗೇ."

"ತೋರ್ಸು ಅಂತ ಕೇಳ್ಬೇಡ ಮಾರಾಯ, ಕೋಪ ಮಾಡ್ಕೋತಾಳೆ," ಎಂದು ನಕ್ಕ ವೆಂಡೆಲ್. "ಬರ್ನಡೀನ್ ಇಟ್ಟಿದ್ದಾಳೆ ಅಂದ್ರೆ ಮುಗೀತು."

ಆಲ್ಡೊ ಕೇಳಲಿಲ್ಲ. ಮೇಜಿನ ಅಂಚು ಹಿಡಿದು, ಒಂದೊಂದೇ ಮೊಣಕಾಲು ಬಗ್ಗಿಸಿ ಕೂತ. ಬರ್ನಡೀನ್ ಕನ್ನಡಿಯನ್ನು ಹಿಡಿದುಕೊಂಡಳು. ವೆಂಡೆಲ್ ಕಲ್ಲಿದ್ದಲ ರೈಲು ಬಿಟ್ಟ. ಗಾಲಿಗಳ ಸದ್ದು ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು. ಐಸ್ ಗೋದಾಮಿನ ಗೋಡೆಯ ಹಿಂದಿನಿಂದ ಎಂಜಿನ್ನು ಹೊರಬೀಳುವ ಹೊತ್ತಿಗೆ ಗೇಟಿನ ಮೇಲೇ ಇತ್ತು.

"ಇನ್ನೊಂದ್ಸಲ ಬಿಡು," ಎಂದ ಆಲ್ಡೊ.

ಮೂರು ಸಲ ನೋಡಿದ. ಎದ್ದಾಗ ಸುತ್ತಲಿನ ಗದ್ದಲ ಅಡಗಿತ್ತು. ಊರಿನ ಹಳಬರೆಲ್ಲ ಕತ್ತು ಚಾಚಿ ನಿಂತಿದ್ದರು.

"ಎಲ್ರೂ ಕೇಳಿಸ್ಕೊಳ್ಳಿ," ಎಂದ. "ಒಂಡ್ರೇಯ್ ಹುಡಾಕನಿಗೆ ರೈಲು ಕಾಣ್ತಿರ್ಲಿಲ್ಲ. ಅವನು ನಿಜ ಹೇಳಿದ್ದ. ನಾವೆಲ್ಲ ಸೇರ್ಕೊಂಡು ಅವನನ್ನ ಸಾಯಿಸಿದ್ವಿ. ಅವರ ಮನೆ ಬಾಗಿಲಿಗೆ ಸತ್ತ ಬೆಕ್ಕು ಕಟ್ಟಿದ್ದು ನಾನೇ. ತಪ್ಪಾಯ್ತು ಬರ್ನಡೀನ್."

ಮೊದಲ ಸಲ ಅವನ ಬಾಯಲ್ಲಿ ಅವಳ ಹೆಸರು. ಯಾರೋ ಮುದುಕಿ ಬಿಕ್ಕಿದಳು. ಯಾರೋ ಬಂದು ಬರ್ನಡೀನಳ ಭುಜ ಅದುಮಿದರು. ಈ ಗಳಿಗೆಯನ್ನು ಅವಳು ಎಷ್ಟು ಸಾವಿರ ಸಲ ಕನಸಿದ್ದಳೋ! ಈಗ ಬಾಯಿಗೆ ಬೂದಿ ತುಂಬಿದಂತಿತ್ತು.

"ಆಯ್ತು ಬಿಡು ಆಲ್ಡೊ," ಎಂದಳು. "ಹಳೇದೆಲ್ಲ ಯಾಕೆ."

"ಬಿಡೋದು ಹೇಗೆ?" ಅವನು ಕುರ್ಚಿಯ ಮೇಲೆ ಕುಸಿದ. ಈಗ ಅವಳಿಗಷ್ಟೇ ಕೇಳುವ ಹಾಗೆ ಹೇಳಿದ, "ನಿಮ್ಮಪ್ಪಂದು ತಪ್ಪಲ್ಲ ಅಂದ್ಮೇಲೆ ಇನ್ಯಾರ್ದು? ಗೇಟು ಎತ್ತಿದ್ರೂ ನಿಂತು, ಆ ಕಡೆ ಈ ಕಡೆ ನೋಡ್ಕೊಂಡೇ ದಾಟ್ಬೇಕು. ಸ್ಟೀರಿಂಗ್ ಹಿಡಿದಿದ್ದವಳು ಲೊರೆಟ್ಟಾ. ಆ ಮೂರು ಹುಡ್ಗೀರ್ನ ನಮ್ಮಕ್ಕನೇ ಕೊಂದ್ಲು ಅಂತಾಯ್ತಲ್ಲ?"

ಬರ್ನಡೀನ್ ಬಾಯಿ ತೆರೆದಳು. ಕೈಚೀಲ ಅವಳ ಭುಜದಲ್ಲೇ ಇತ್ತು, ನಕ್ಷೆ ಅದರೊಳಗೇ ಇತ್ತು. ತೆಗೆದು ಅವನ ಮಡಿಲಿಗೆ ಹಾಕಿದರೆ ಆ ಹತ್ತೊಂಬತ್ತರ ಹುಡುಗಿಯ ಹೆಸರು ಉಳಿಯುತ್ತಿತ್ತು. ಆದರೆ ಸುತ್ತ ನಿಂತವರೆಲ್ಲ ಅವಳನ್ನೇ ನೋಡುತ್ತಿದ್ದರು, ಹುಟ್ಟಿದಾರಭ್ಯ ಯಾರೂ ನೋಡಿರದ ಪ್ರೀತಿಯಿಂದ. ಅವಳು ಬಾಯಿ ಮುಚ್ಚಿಕೊಂಡಳು.

"ಆ ಮೂರು ಮನೆಯವ್ರಿಗೂ ನಾನೇ ಹೇಳ್ಬೇಕು," ಎಂದ ಆಲ್ಡೊ, ಏಳಲು ಒದ್ದಾಡುತ್ತ. "ನಾಳೆ ಭಾನುವಾರ, ಚರ್ಚಲ್ಲಿ ಸಿಗ್ತಾರೆ. ಹೇಳ್ದೆ ಇದ್ರೆ ಮನುಷ್ಯ ಅನ್ನಿಸ್ಕೊಳ್ಳೋದು ಹೇಗೆ?"

ಅವನ ತೋಳು ಕೋಟಿನೊಳಗೆ ಹೋಗದೆ ತಡಕಾಡುತ್ತಿತ್ತು. ಬರ್ನಡೀನ್ ಕೋಟಿನ ಕಾಲರು ಹಿಡಿದು ನಿಂತು, ಅವನು ತೊಟ್ಟುಕೊಂಡ ಮೇಲೆ ಗುಂಡಿಗಳನ್ನೂ ಹಾಕಿಕೊಟ್ಟಳು.