ಐ.ಡಿ.ಹಳ್ಳಿಗೆ ಎರಡು ಬಾಗಿಲಿನ ಕಾರು

"ಅಪ್ಪಾ, ನಾನು ದೊಡ್ಡೋಳಾಗಿ ಗಾಡಿ ತಗೊಂಡ್ರೆ ನಿನ್ನ ದಾರೀಲಿ ಎಲ್ಲೂ ಇಳಿಸಲ್ಲ" ಎಂದು ನನ್ನ ಮಗಳು ಸಂಘಮಿತ್ರಾ ಮಾತು ಕೊಟ್ಟಾಗ ಅವಳಿಗೆ ಏಳು ವರ್ಷ. ಮಧುಗಿರಿಯಿಂದ ಐ.ಡಿ.ಹಳ್ಳಿಗೆ, ನಮ್ಮವ್ವ ಮಾರಕ್ಕನನ್ನು ನೋಡಲು ಮೊಪೆಡ್ಡಿನಲ್ಲಿ ಹೋಗುತ್ತಿದ್ದೆವು. ಹೆಂಡತಿ ರಾಧಾಮಣಿ ಹಿಂದೆ, ಮಗಳು ಮುಂದೆ, ಕಾಲ ಸಂದಿಯಲ್ಲಿ ರಾಗಿ ಹಿಟ್ಟಿನ ಚೀಲ. ಸಣ್ಣ ಏರು ಬಂದರೂ ಗಾಡಿ ಕೆಮ್ಮುತ್ತಿತ್ತು. "ಇಳೀರಿ ಇಳೀರಿ" ಎನ್ನುತ್ತಿದ್ದೆ. ತಾಯಿ ಮಗಳು ಇಳಿದು ನಡೆಯಬೇಕು, ನಾನು ಏರಿನ ತುದಿಯಲ್ಲಿ ಕಾಯಬೇಕು. ಅವತ್ತು ನಾಲ್ಕು ಸಲ ಇಳಿಸಿದ್ದೆ. ಐದನೆಯ ಏರಿನಲ್ಲಿ ಮಗುವಿನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಕಾದ ಡಾಂಬರಿನ ಮೇಲೆ ಒಂದು ಕಾಲು ಎತ್ತಿಕೊಂಡು ನಿಂತು ಈ ಮಾತು ಹೇಳಿದಳು. ಹೇಳುವಾಗ ಅಳುತ್ತಿರಲಿಲ್ಲ, ಸಿಟ್ಟಾಗಿದ್ದಳು.

ನಾನು ನಕ್ಕುಬಿಟ್ಟಿದ್ದೆ. ಆದರೆ ಮರೆಯಲಿಲ್ಲ.

ನಾನು ಲೈನ್‌ಮನ್. ಇಪ್ಪತ್ತೆಂಟು ವರ್ಷ ಕಂಬ ಹತ್ತಿ ಇಳಿದು ಬಲ ಮೊಣಕಾಲು ಸವೆದಿದೆ. ಕೂತರೆ ಏಳುವುದು ಕಷ್ಟ, ಎದ್ದರೆ ಕೂರುವುದು ಕಷ್ಟ. "ಮೆಟ್ಟಿಲು ಹತ್ತೋದು ಕಮ್ಮಿ ಮಾಡಿ" ಎಂದರು ಡಾಕ್ಟರು. ಕಂಬಕ್ಕೆ ಮೆಟ್ಟಿಲೇ ಇರುವುದಿಲ್ಲ ಎಂದು ಅವರಿಗೆ ಹೇಳಲಿಲ್ಲ. ಐ.ಡಿ.ಹಳ್ಳಿಗೆ ಹೋಗುವ ಬಸ್ಸಿನ ಮೆಟ್ಟಿಲೂ ಈಗ ನನಗೆ ಎತ್ತರವೇ. ಎಂಟು ತಿಂಗಳಿಂದ ಅವ್ವನ ಮುಖ ನೋಡಿರಲಿಲ್ಲ.

ಸಂಘಮಿತ್ರಾಗೆ ಈಗ ಇಪ್ಪತ್ತಮೂರು. ಡಿಪ್ಲೊಮಾ ಮುಗಿಸಿ ತುಮಕೂರಿನ ಒಂದು ಗಾಡಿ ಶೋರೂಮಿನ ಸರ್ವಿಸ್ ವಿಭಾಗದಲ್ಲಿದ್ದಾಳೆ. ಬೆಳಿಗ್ಗೆ ಆರೂವರೆಗೆ ಪ್ರೈವೇಟ್ ಬಸ್ಸು, ಕೊರಟಗೆರೆ ಮೇಲೆ ಹೋಗಿ ರಾತ್ರಿ ಅದೇ ದಾರಿಯಲ್ಲಿ ಬರುತ್ತಾಳೆ. ಕಳೆದ ತಿಂಗಳು ವೈ.ಎನ್.ಹೊಸಕೋಟೆಯ ಚಿಕ್ಕನರಸಯ್ಯ ಎಂಬುವರಿಂದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ತಂದಳು. ಕೆಂಪು ಬಣ್ಣ. ಬಾಗಿಲು ಎರಡೇ, ಸೀಟೂ ಎರಡೇ.

"ಮೂರು ಜನ ಇದ್ದೀವಿ ಮನೇಲಿ. ನನ್ನ ಡಿಕ್ಕೀಲಿ ಹಾಕ್ಕೊಂಡು ಹೋಗ್ತೀಯೇನೆ?" ಎಂದಳು ರಾಧಾಮಣಿ.

"ಫಸ್ಟು ಅಪ್ಪನ್ನ ಅಜ್ಜಿ ಊರಿಗೆ ಕರ್ಕೊಂಡು ಹೋಗ್ಬೇಕು. ಆಮೇಲೆ ನೀನು. ಅಪ್ಪಂಗೆ ಮಾತು ಕೊಟ್ಟಿದ್ದೀನಿ" ಎಂದಳು ಮಗಳು.

ಹಾಗಾದರೆ ಅವಳೂ ಮರೆತಿರಲಿಲ್ಲ. ನಾನು ಕೆಮ್ಮಿ ಆಚೆ ಹೋದೆ.

ಅವತ್ತೇ ಹೊರಟಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಲಾರಿ ಆಫೀಸಿಗೆ ಅವಳ ಹೆಸರಿಗೊಂದು ಪಾರ್ಸೆಲ್ ಬಂತು. ಒಳಗೆ ಹಸಿರು ಬಣ್ಣದ ನಾಲ್ಕು ಸ್ಪ್ರಿಂಗು.

"ಇರೋ ಸ್ಪ್ರಿಂಗಿಗೆ ಏನಾಗದೆ ಮಗಾ?"

"ಕಾರು ಎತ್ತರ ಆಯ್ತು ಕಣಪ್ಪಾ. ತಿರುವಲ್ಲಿ ಓಲಾಡ್ತದೆ. ಇವು ಗಿಡ್ಡ ಸ್ಪ್ರಿಂಗು. ಹಾಕಿದ್ರೆ ಎರಡಿಂಚು ತಗ್ತದೆ, ರೋಡಿಗೆ ಅಂಟ್ಕೊಂಡು ಹೋಗ್ತದೆ."

"ರೋಡಿಗೆ ಅಂಟ್ಕೊಳ್ಳೋಕೆ ರೋಡು ಇರ್ಬೇಕಲ್ಲಮ್ಮಾ."

ಫೋನಿನಲ್ಲಿ ಚಿಕ್ಕನರಸಯ್ಯ ಅವಳ ಪರವೇ ನಿಂತರು. "ಹಾಕ್ಸಿ ಸಾರ್, ಪುಲಿ ಮಾದಿರಿ ಪೋತಾದಿ!" ಹುಲಿಯ ಹಾಗೆ ಹೋಗುತ್ತದಂತೆ. ಮಾರಿ ಕೈತೊಳೆದುಕೊಂಡವರಿಗೆ ಹುಲಿಯಾದರೇನು, ಇಲಿಯಾದರೇನು.

ಶನಿವಾರ ರಜೆ ಹಾಕಿದೆ. ಮನೆ ಮುಂದಿನ ಸಿಮೆಂಟ್ ನೆಲದ ಮೇಲೆ ಕಾರು ನಿಲ್ಲಿಸಿದೆವು. ಎದುರು ಮನೆಯ ವೀರಭದ್ರಯ್ಯ ಕಾಫಿ ಲೋಟ ಹಿಡಿದುಕೊಂಡೇ ಬಂದು ನಿಂತರು.

"ಏನ್ ರಾಜಣ್ಣಾ, ಊರೋರೆಲ್ಲಾ ಎತ್ತರ ಇರೋ ಕಾರು ಬೇಕು ಅಂತಾರೆ. ನೀವು ಇರೋದನ್ನ ಕುಳ್ಳು ಮಾಡ್ತಾ ಇದ್ದೀರಿ!"

"ಮಗಳ ಕಾರು, ಮಗಳ ಇಷ್ಟ" ಎಂದೆ. ಬೇರೆ ಏನು ಹೇಳುವುದು?

ಚಕ್ರದ ನಟ್ಟುಗಳನ್ನು ಸಡಿಲ ಮಾಡಿ, ಜಾಕಿನಿಂದ ಕಾರು ಎತ್ತಿ, ಶೋರೂಮಿನಿಂದ ತಂದಿದ್ದ ಕಬ್ಬಿಣದ ಸ್ಟ್ಯಾಂಡುಗಳನ್ನು ಕೆಳಗೆ ಕೊಟ್ಟಳು. ಚಕ್ರ ಬಿಚ್ಚಿದರೆ ಒಳಗೆ ಉದ್ದನೆಯ ಶಾಕ್ ಅಬ್ಸಾರ್ಬರ್, ಅದರ ಮೈಗೆ ಸುತ್ತಿಕೊಂಡ ಹಳೆಯ ಸ್ಪ್ರಿಂಗು. ಅದನ್ನು ಹೊರಗೆ ತೆಗೆಯಲು ಕೆಳಗೆ ಎರಡು ಬೋಲ್ಟು, ಮೇಲೆ ಮೂರು ನಟ್ಟು. ಮೇಲಿನವು ಬಂದವು. ಕೆಳಗಿನವು ತುಕ್ಕು ಹಿಡಿದು ಕಾರಿಗೆ ಬೆಸುಗೆಯಾದಂತಿದ್ದವು. ಸೀಮೆಎಣ್ಣೆ ಬಿಟ್ಟೆ. ಸುತ್ತಿಗೆಯಲ್ಲಿ ತಟ್ಟಿದೆ. ಅರ್ತಿಂಗಿಗೆ ಹೂಳುವ ಪೈಪನ್ನು ಸ್ಪ್ಯಾನರಿಗೆ ತೊಡಿಸಿ ಇಡೀ ಮೈಭಾರ ಹಾಕಿದೆ. ಸ್ಪ್ಯಾನರ್ ಜಾರಿ ನನ್ನ ಗೆಣ್ಣು ಸುಲಿಯಿತು. ಬೋಲ್ಟು ಅಲ್ಲಾಡಲಿಲ್ಲ.

ಅಷ್ಟರಲ್ಲಿ ಒಬ್ಬ ರೈತನ ಫೋನು. "ಅಣ್ಣೋ, ಕರೆಂಟ್ ಬುಟ್ಬುಡಣ್ಣೋ, ಬೋರು ನಿಂತೋಗದೆ!"

"ನಾನು ರಜಾ ಕಣ್ಲಾ. ಆಫೀಸಿಗೆ ಮಾಡು."

"ಆಫೀಸಲ್ಲಿ ಎತ್ತಲ್ಲ ಕಣಣ್ಣೋ, ನೀನು ಎತ್ತೀಯಾ. ಅದ್ಕೇ ನಿಂಗೇ ಮಾಡೋದು."

ಮಧ್ಯಾಹ್ನದೊಳಗೆ ಇಂಥ ಹನ್ನೊಂದು ಫೋನು. ಹನ್ನೆರಡನೆಯದು ಬಂದಾಗ ಫೋನನ್ನು ಅಕ್ಕಿ ಡಬ್ಬದೊಳಗೆ ಇಟ್ಟೆ. ಅಕ್ಕಿಯೊಳಗಿಂದಲೂ ಅದು ಗುಂಯ್‌ಗುಟ್ಟಿತು.

ಬೋಲ್ಟು ಬಂದದ್ದು ಊಟದ ಹೊತ್ತಿಗೆ. ಆಮೇಲಿನದು ಇನ್ನೂ ಅಪಾಯದ ಕೆಲಸ. ಹಳೆಯ ಸ್ಪ್ರಿಂಗನ್ನು ಹಾಗೇ ಬಿಚ್ಚಿದರೆ ಚಿಮ್ಮುತ್ತದೆ. ಕೊಕ್ಕೆಗಳಿರುವ ಎರಡು ಉದ್ದನೆಯ ಬೋಲ್ಟನ್ನು ಎರಡು ಕಡೆ ಸಿಕ್ಕಿಸಿ, ಸುತ್ತು ಸುತ್ತಾಗಿ ಬಿಗಿದು ಅದನ್ನು ಕುಗ್ಗಿಸಬೇಕು.

"ಇದ್ಯಾಕೆ ಇಷ್ಟು ನಿಧಾನ? ತಂತಿ ಎಳೆಯೋ ಹಗ್ಗ ಐತೆ, ಎರಡು ಸುತ್ತು ಬಿಗಿದ್ರೆ ಆಯ್ತು."

"ಅಪ್ಪಾ! ಹಗ್ಗ ಬ್ಯಾಡ. ಮೊದ್ಲು ಅದರ ಎದುರಿಂದ ಈ ಕಡೆ ಬಾ. ಜಾರಿದ್ರೆ ತಲೆ ಹೋಯ್ತದೆ."

ಹನ್ನೊಂದು ಸಾವಿರ ವೋಲ್ಟಿನ ಕೆಳಗೆ ನಿಂತು ಕೆಲಸ ಮಾಡಿದವನನ್ನು ಮಗಳು ಪಕ್ಕಕ್ಕೆ ನಿಲ್ಲಿಸಿದಳು. ನಿಂತೆ. ಅವಳು ಬಿಗಿದಳು. ಮೇಲಿನ ನಟ್ಟು ಬಿಚ್ಚಲು ಹೋದರೆ ಒಳಗಿನ ಸರಳೂ ಅದರ ಜೊತೆಗೇ ತಿರುಗುತ್ತದೆ. ಅವಳು ಸರಳು ಹಿಡಿದಳು, ನಾನು ನಟ್ಟು ತಿರುಗಿಸಿದೆ. ಒಂದೂವರೆ ಗಂಟೆ ಹೋಯಿತು. ಒಂದು ಚಕ್ರ ಮುಗಿದಿತ್ತು. ಇನ್ನು ಮೂರು.

ಎರಡನೆಯ ಸ್ಪ್ರಿಂಗನ್ನು ನಾನೇ ಕೂರಿಸಿದೆ, ನನಗೂ ಬರುತ್ತದೆ ಎಂದು ತೋರಿಸಬೇಕಿತ್ತು. ಎಲ್ಲ ಬಿಗಿದು ಚಕ್ರವನ್ನೂ ಹಾಕಿದ ಮೇಲೆ ಅವಳು ಟಾರ್ಚು ಬಿಟ್ಟು ನೋಡಿದಳು.

"ಅಪ್ಪಾ, ಸ್ಪ್ರಿಂಗು ತಲೆಕೆಳಗಾಗದೆ."

"ಸ್ಪ್ರಿಂಗಿಗೆ ತಲೆ ಯಾವ್ದು, ಕಾಲು ಯಾವ್ದು?"

"ಅದರ ಮೇಲೆ ಬರೆದಿರೋ ಅಕ್ಷರ ನೋಡು. ಉಲ್ಟಾ ಕಾಣ್ತಾವೆ."

ನೋಡಿದೆ. ಉಲ್ಟಾ ಇದ್ದವು. ಸ್ಪ್ಯಾನರನ್ನು ನೆಲಕ್ಕೆ ಎಸೆದೆ. ಅದು ಪುಟಿದು ಹೋಗಿ ವೀರಭದ್ರಯ್ಯನವರ ಕಾಂಪೌಂಡಿಗೆ ಬಡಿಯಿತು. "ರಾಜಣ್ಣಾ, ಕಾರು ಕುಳ್ಳಾಯ್ತಾ?" ಎಂದು ಒಳಗಿನಿಂದಲೇ ಕೇಳಿದರು. ಮತ್ತೆ ಎಲ್ಲವನ್ನೂ ಬಿಚ್ಚಿದೆವು.

ಹೊತ್ತು ಮುಳುಗುವಾಗ ಕಾರು ನಾಲ್ಕೂ ಕಾಲಿನ ಮೇಲೆ ಇಳಿಯಿತು. ಚಕ್ರಕ್ಕೂ ಮೇಲಿನ ತಗಡಿಗೂ ನಡುವೆ ಮೊದಲು ನಾಲ್ಕು ಬೆರಳು ಹೋಗುತ್ತಿತ್ತು, ಈಗ ಒಂದೇ ಬೆರಳು. ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ, ಹೊಂಚು ಹಾಕಿ ಕೂತ ಬೆಕ್ಕಿನ ಹಾಗೆ. ಹೊಟ್ಟೆಯ ಕೆಳಗೆ ಟೇಪು ಹಿಡಿದೆ: ಐದು ಇಂಚು. ಪಕ್ಕದ ಬೀದಿಯ ಹಂಪು ನಾಲ್ಕು ಇಂಚು. ಮಗಳು ಒಬ್ಬಳೇ ಓಡಿಸಿ ನೋಡಿದಳು, ಹಂಪು ದಾಟಿತು. ಇಬ್ಬರಿಗೂ ಸಮಾಧಾನ. ಬಿಸಿಲಿಗೆ ತಂತಿ ಎಷ್ಟು ಜೋತು ಬೀಳುತ್ತದೆ ಎಂದು ಲೆಕ್ಕ ಹಾಕಿ ಎಳೆಯುವವನು ನಾನು. ಪಕ್ಕದ ಸೀಟಿನಲ್ಲಿ ನಾನೂ ಕೂತರೆ ಕಾರು ಎಷ್ಟು ಜೋತು ಬೀಳುತ್ತದೆ ಎಂಬ ಲೆಕ್ಕ ಮಾತ್ರ ತಲೆಗೆ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ರಾಧಾಮಣಿ ಬಸ್ಸಿಗೆ ಹೋದಳು. ನಾನು ಕಾರಿನೊಳಗೆ ಇಳಿದೆ. ಹತ್ತಿದೆ ಎಂದು ಹೇಳಲಾಗದು, ಬಾವಿಗೆ ಇಳಿದ ಹಾಗೆಯೇ ಇತ್ತು. ಮೊದಲು ಬೆನ್ನು, ಆಮೇಲೆ ಎಡಗಾಲು, ಕೊನೆಗೆ ಎರಡೂ ಕೈಯಲ್ಲಿ ಬಲಗಾಲನ್ನು ಎತ್ತಿ ಒಳಗಿಟ್ಟುಕೊಂಡೆ. ಮೊಣಕಾಲು ಚುರ್ರೆಂದಿತು. ಮುಂದಿನ ಗಾಜಿನ ಕೆಳಗೆ ಮಗಳು ಅಂಟಿಸಿದ್ದ ಪುಟ್ಟ ಬುದ್ಧನ ಮೂರ್ತಿ ನನ್ನ ಕಡೆಗೇ ನೋಡುತ್ತಿತ್ತು.

"ಆರಾಮಾಗಿ ಕೂತ್ಕೋ. ಇನ್ನು ಅಜ್ಜಿ ಬಾಗಿಲಲ್ಲೇ ಇಳಿಯೋದು" ಎಂದಳು.

ಊರು ದಾಟಿ ಮೂರು ಮೈಲಿ ಹುಲಿಯೇ. ಆಮೇಲೆ ಹಾಲಿನ ಡೈರಿ ಮುಂದಿನ ಹಂಪು ಬಂತು. ಮುಂದಿನ ಚಕ್ರ ಹತ್ತಿ ಇಳಿದದ್ದೇ ತಡ, ಕಾಲಿನ ಕೆಳಗೆ ಕರ್ರ್ ಎಂದಿತು. ಬುದ್ಧ ಮುಂದಕ್ಕೆ ಬಾಗಿದ. ಕಾರು ಹಂಪಿನ ಮೇಲೆ ಹೊಟ್ಟೆಯೂರಿ ನಿಂತಿತು.

ಹಿಂದಕ್ಕೆ ತೆಗೆದಳು. ಓರೆಯಾಗಿ ಬಂದಳು. ಕರ್ರ್.

"ಇಳೀಲೇನಮ್ಮಾ?"

"ಬ್ಯಾಡ. ನೀನು ಕೂತಿರು." ಇನ್ನೊಂದು ಕಡೆಯಿಂದ ಓರೆ ಮಾಡಿದಳು. ಈ ಸಲ ಸದ್ದು ಇನ್ನೂ ಜೋರು. ಎಂಜಿನ್ ನಿಲ್ಲಿಸಿ ಸ್ಟಿಯರಿಂಗ್ ಹಿಡಿದು ಕೂತುಬಿಟ್ಟಳು. ಅಡಿಯಲ್ಲಿ ಎಂಜಿನ್ ಆಯಿಲ್ ತುಂಬಿರುವ ತಟ್ಟೆ ಇರುತ್ತದೆ, ಅದು ಒಡೆದರೆ ಎಂಜಿನ್ನೇ ಹೋಗುತ್ತದೆ ಎಂದು ನಿನ್ನೆ ಅವಳೇ ಹೇಳಿದ್ದಳು. ಹಿಂದೆ ಟ್ರ್ಯಾಕ್ಟರ್ ಬಂದು ಹಾರ್ನ್ ಹೊಡೆಯತೊಡಗಿತು.

"ಅಪ್ಪಾ..." ಎಂದಳು.

ನಾನು ಬಾಗಿಲು ತೆಗೆದೆ. ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ರಸ್ತೆಗೆ ಕೈಯೂರಿ ಎದ್ದೆ. ನಾನಿಳಿದ ಮೇಲೆ ಕಾರು ಒಂದಿಷ್ಟು ಮೇಲೆದ್ದು, ನಿಧಾನಕ್ಕೆ ಹಂಪನ್ನು ದಾಟಿತು. ನಾನು ಕುಂಟಿಕೊಂಡು ಹೋಗಿ ಮತ್ತೆ ಬಾವಿಗಿಳಿದೆ.

ಎರಡನೆಯ ಹಂಪಿನಲ್ಲೂ ಅದೇ. ಮೂರನೆಯದು ಒಂದು ಶಾಲೆಯ ಮುಂದೆ ಇತ್ತು. ಇಳಿದು ನಿಂತವನು ಹಂಪಿನ ತುದಿ ನೋಡಿದೆ. ಸಿಮೆಂಟು ಕಿತ್ತುಹೋಗಿ ಒಳಗಿನಿಂದ ಕರೆಂಟ್ ಕಂಬದ ತುಂಡು ಕಾಣುತ್ತಿತ್ತು. ಅದರ ಮೇಲೆ ಕಪ್ಪು ಬಣ್ಣದಲ್ಲಿ ಕಂಬದ ನಂಬರು. ಏಳನ್ನು ನಾನು ಬರೆಯುವ ಹಾಗೆ, ನಡುವೆ ಅಡ್ಡಗೆರೆ ಎಳೆದು, ಈ ತಾಲ್ಲೂಕಿನಲ್ಲಿ ಇನ್ನೊಬ್ಬರು ಬರೆಯುವುದಿಲ್ಲ.

ಅಂಗಡಿ ಜಗಲಿಯ ಮೇಲಿದ್ದ ಒಬ್ಬ ಹಿರಿಯರು ನನ್ನನ್ನು ಗುರುತು ಹಿಡಿದರು. ಇವರು ಬಸವಲಿಂಗಯ್ಯ, ಆ ಊರಿನವರು.

"ಓ, ಲೈನ್‌ಮನ್ ರಾಜಣ್ಣ! ನೋಡಪ್ಪಾ, ನೀನು ಕೊಟ್ಟಿದ್ದೇ ಈ ಕಂಬ. ಆರು ವರ್ಷ ಆಯ್ತು, ಒಂದು ಚೂರೂ ಅಲ್ಲಾಡಿಲ್ಲ. ಮಕ್ಕಳ ಜೀವ ಉಳಿಸ್ದೆ ಕಣಪ್ಪಾ!"

ನೆನಪಾಯಿತು. ಲಾರಿ ಗುದ್ದಿಯೋ, ಗಾಳಿಗೋ ಕಂಬ ಮುರಿದರೆ ಹೊಸದು ನೆಡುತ್ತೇವೆ. ಮುರಿದದ್ದು ರಸ್ತೆ ಬದಿಯಲ್ಲೇ ಬಿದ್ದಿರುತ್ತದೆ. ಊರಿನವರು ಬಂದು, "ಅಣ್ಣಾ, ಈ ತುಂಡು ಕೊಡು, ರಸ್ತೆಗೆ ಅಡ್ಡ ಹಾಕ್ಕೊಂತೀವಿ, ಗಾಡಿಗಳು ಹುಚ್ಚೆದ್ದು ಬರ್ತಾವೆ" ಎನ್ನುತ್ತಾರೆ. ತಗೊಂಡು ಹೋಗಿ ಎನ್ನುತ್ತೇನೆ. ಹೂತು, ಮೇಲೆ ಸಿಮೆಂಟ್ ಮೆತ್ತಿದರೆ ಹಂಪು ತಯಾರು. ಒಳ್ಳೆಯ ಕೆಲಸವೇ. ಒಬ್ಬರಿಗೂ ಇಲ್ಲ ಎಂದಿರಲಿಲ್ಲ.

ಮಗಳು ಕಾರಿನಿಂದ ಇಳಿದು ಬಂದು ಆ ನಂಬರು ನೋಡಿದಳು, ನನ್ನ ಮುಖ ನೋಡಿದಳು.

"ಅಪ್ಪಾ, ಈ ರೋಡಿಗೆ ಎಷ್ಟು ಕಂಬ ಕೊಟ್ಟಿದ್ದೀಯ?"

"ಆರೋ, ಏಳೋ."

"ಸರಿಯಾಗಿ ಹೇಳು."

"ಏಳು."

ಅವಳು ತಲೆ ಮೇಲೆ ಕೈ ಹೊತ್ತುಕೊಂಡಳು. "ವಾಪಸ್ ಹೋಗಿ ಹಳೇ ಸ್ಪ್ರಿಂಗೇ ಹಾಕೋಣ ನಡಿ. ಇನ್ನೊಂದು ಭಾನುವಾರ ಬರೋಣ. ನಿನ್ನ ಇಳಿಸಲ್ಲ ಅಂದಿದ್ದೆ, ಇಳಿಸಲ್ಲ."

ನನಗೂ ಅದೇ ಬೇಕಿತ್ತು. ಮನೆಗೆ ತಿರುಗಿಸು ಎನ್ನಬೇಕು, ಅಷ್ಟರಲ್ಲಿ ರಾಧಾಮಣಿ ಕೂತಿದ್ದ ಬಸ್ಸು ಬಂತು. ನಮಗಿಂತ ಮೊದಲೇ ಹೊರಟವಳು ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದಳು ಎಂದು ಕಾಣುತ್ತದೆ. ಬಸ್ಸು ಹಂಪಿನ ಮೇಲೆ ನಿಧಾನವಾಯಿತು. ಕಿಟಕಿಯಿಂದ ತಲೆ ಹಾಕಿದಳು.

"ಯಾಕ್ರೀ ನಿಂತಿದ್ದೀರಿ?"

"ಹಳೇ ಸ್ಪ್ರಿಂಗು ಎಲ್ಲಿಟ್ಟಿದ್ದೀಯೇ?" ಎಂದು ಕೂಗಿದೆ.

"ಬೆಳಿಗ್ಗೆ ಗುಜರಿಯೋನು ಬಂದಿದ್ದ. ಕೊಟ್ಟು ಬೆಳ್ಳುಳ್ಳಿ ತಗೊಂಡೆ! ಇಲ್ನೋಡಿ, ಅತ್ತೆಗೂ ತಂದೀನಿ!" ಚೀಲ ಎತ್ತಿ ತೋರಿಸಿದಳು. ಬಸ್ಸು ಹೊರಟುಹೋಯಿತು.

ಬಸವಲಿಂಗಯ್ಯನವರು ಬಿದ್ದು ಬಿದ್ದು ನಕ್ಕರು. ನಮ್ಮಿಬ್ಬರಿಗೂ ನಗು ಬರಲಿಲ್ಲ. ಮುಂದೆ ಆರು ಹಂಪು, ಹಿಂದೆ ಎರಡು. ಅವ್ವನಿಗೆ ಬೆಳಿಗ್ಗೆಯೇ ಫೋನ್ ಮಾಡಿ ಹೊರಟೆವು ಎಂದಾಗಿತ್ತು.

"ನಡಿ ಮುಂದಕ್ಕೇ" ಎಂದೆ.

ಅಲ್ಲಿಂದ ಮುಂದೆ ಹಂಪು ಬಂದಾಗ ಅವಳು ನಿಲ್ಲಿಸುತ್ತಿದ್ದಳು, ನಾನು ಬಾಗಿಲು ತೆಗೆಯುತ್ತಿದ್ದೆ. ಆರನೆಯದರಿಂದ ಆಚೆಗೆ ಅವಳೇ ಸುತ್ತಿ ಬಂದು ನನ್ನ ತೋಳು ಹಿಡಿದು ಎಬ್ಬಿಸುತ್ತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ. ಎಂಟನೆಯದರ ಹತ್ತಿರ ನಡೆಯಲಾಗದೆ ಸ್ವಲ್ಪ ಹೊತ್ತು ಮೈಲಿಗಲ್ಲಿನ ಮೇಲೆ ಕೂತೆ. ಅವಳು ಕಾರು ದಾಟಿಸಿ, ಬಾಗಿಲು ತೆಗೆದಿಟ್ಟು, ಬಿಸಿಲಲ್ಲಿ ನಿಂತು ಕಾದಳು.

ಐ.ಡಿ.ಹಳ್ಳಿ ಮುಟ್ಟಿದಾಗ ಬಾಗಿಲಲ್ಲಿ ಅವ್ವ ಕೂತಿದ್ದಳು. ಪಕ್ಕದಲ್ಲಿ ರಾಧಾಮಣಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಅವ್ವ ಕಾರನ್ನು ಒಂದು ಸುತ್ತು ನೋಡಿ ನನ್ನ ಕಾಲು ನೋಡಿದಳು.

"ಏನ್ಲಾ, ಬಸ್ಸಲ್ಲಿ ಬಂದೋಳು ನೆಟ್ಟಗವ್ಳೆ. ಕಾರಲ್ಲಿ ಬಂದೋನು ಹಿಂಗ್ ಕುಂಟ್ತಾ ಇದ್ದೀಯ?"

ಸಂಘಮಿತ್ರಾ ಕಾರಿನ ಕೀಲಿ ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದಳು.

"ಒಂಬತ್ತು ಸಲ ಇಳಿಸ್ದೆ ಅಜ್ಜಿ" ಎಂದಳು.

ಒಂಬತ್ತು ನಿಜ. ಎಲ್ಲೂ ಇಳಿಸಲ್ಲ ಎಂದಿದ್ದಳು, ಮಾತು ಉಳಿಯಲಿಲ್ಲ.